ಬಡ್ಡಿಯ ಪಾಠದಿಂದ ಮುಂಗಡದ ಲೆಕ್ಕಕ್ಕೆ: ಮಾನವ ಕಳ್ಳಸಾಗಣೆಯ ಸುಳಿವುಗಳನ್ನು ಗುರುತಿಸುವ ಒಂದು ಪಾಠದ ಅನುಭವ

ನಾನು ಗಣಿತ ಮತ್ತು ಭೌತವಿಜ್ಞಾನದ ಪ್ರಶಿಕ್ಷಣಾರ್ಥಿ. ಇಂಟರ್ನ್‌ಶಿಪ್ ಅವಧಿಗೆ ನನಗೆ ಹಂಚಿಕೆಯಾಗಿದ್ದು ಯಾದಗಿರಿ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆ, ಎಂಟನೇ ತರಗತಿ, ಹಾಜರಿ ಪುಸ್ತಕದಲ್ಲಿ 38 ಮಕ್ಕಳು. ಇಪ್ಪತ್ತು ಗಣಿತದ ಪಾಠ, ಹತ್ತು ವಿಜ್ಞಾನದ ಪಾಠ ಮಾಡಬೇಕಿತ್ತು. ಅದರ ಜೊತೆಗೆ ಪ್ರತಿಯೊಬ್ಬ ಪ್ರಶಿಕ್ಷಣಾರ್ಥಿಯೂ ಜೀವನ ಕೌಶಲದ ಒಂದು ಅವಧಿಯನ್ನು ತನ್ನ ಆಯ್ಕೆಯ ವಿಷಯದ ಮೇಲೆ ತೆಗೆದುಕೊಳ್ಳಬೇಕೆಂದು ನಮ್ಮ ಕಾಲೇಜಿನ ನಿಯಮ. ಗೆಳತಿಯರು ಸ್ವಚ್ಛತೆ, ರಸ್ತೆ ಸುರಕ್ಷತೆ, ಪೌಷ್ಟಿಕ ಆಹಾರ ಎಂದು ಬರೆದುಕೊಟ್ಟರು. ನಾನು ಮಾನವ ಕಳ್ಳಸಾಗಣೆ ಎಂದು ಬರೆದೆ. ನಿಜ ಹೇಳಬೇಕೆಂದರೆ ಆ ಆಯ್ಕೆಯ ಹಿಂದೆ ದೊಡ್ಡ ಯೋಚನೆ ಇರಲಿಲ್ಲ. ಜುಲೈ 30 ವಿಶ್ವಸಂಸ್ಥೆಯ ಮಾನವ ಕಳ್ಳಸಾಗಣೆ ವಿರೋಧಿ ದಿನ. ಆ ವಾರ ಬಸ್ ನಿಲ್ದಾಣದಲ್ಲಿ ಭಿತ್ತಿಪತ್ರ ಅಂಟಿಸಿದ್ದರು, ಅದನ್ನೇ ಫೋನಿನಲ್ಲಿ ಫೋಟೊ ತೆಗೆದುಕೊಂಡು ಪಾಠೋಪಕರಣ ಮಾಡಿಕೊಳ್ಳಬಹುದು ಎನ್ನಿಸಿತು.

ಆ ಪಾಠ ಸೋತಿತು. ಎಲ್ಲಿ ಸೋತಿತು, ಆಮೇಲೆ ಬಡ್ಡಿಯ ಪಾಠದೊಳಗೆ ಹೇಗೆ ಮತ್ತೆ ಹುಟ್ಟಿತು, ಅದರಿಂದ ಏನಾಯಿತು ಎಂಬುದನ್ನು ನನ್ನ ಅವಲೋಕನ ಪುಸ್ತಕದ ಟಿಪ್ಪಣಿಗಳನ್ನು ಇಟ್ಟುಕೊಂಡು ಬರೆಯುತ್ತಿದ್ದೇನೆ. ಮಕ್ಕಳ ಹೆಸರು, ಊರು, ಶಾಲೆಯ ಹೆಸರು ಇಲ್ಲಿಲ್ಲ. ಅದು ಬರೀ ಸೌಜನ್ಯವಲ್ಲ; ಇಂಥ ಮಕ್ಕಳ ಗುರುತು ಬಯಲು ಮಾಡುವುದನ್ನು ಬಾಲನ್ಯಾಯ ಕಾಯ್ದೆ 2015ರ 74ನೇ ಕಲಂ ನಿಷೇಧಿಸುತ್ತದೆ.

ಮೊದಲ ಪಾಠ

ಭಿತ್ತಿಪತ್ರದಲ್ಲಿ ಒಂದು ಕಪ್ಪು ನೆರಳು, ಅದರ ಕೈಯಲ್ಲಿ ಚಾಕೊಲೇಟು, ಎದುರಿಗೆ ಎರಡು ಜಡೆಯ ಹುಡುಗಿ. ನಾನು ಅದನ್ನು ಬೋರ್ಡಿಗೆ ಅಂಟಿಸಿ, ‘ಈ ಚಿತ್ರದಲ್ಲಿ ಏನು ಕಾಣುತ್ತಿದೆ?’ ಎಂದು ಕೇಳಿದೆ. ‘ಮಕ್ಕಳ ಕಳ್ಳರ್ರೀ ಮೇಡಂ’ ಎಂದು ಹಿಂದಿನ ಸಾಲಿನಿಂದ ಒಬ್ಬ ಕೂಗಿದ, ಎಲ್ಲರೂ ನಕ್ಕರು. ಅಪರಿಚಿತರೊಂದಿಗೆ ಮಾತಾಡಬಾರದು, ಅವರು ಕೊಟ್ಟಿದ್ದು ತಿನ್ನಬಾರದು, ಒಂಟಿಯಾಗಿ ತಿರುಗಬಾರದು ಎಂದು ಹದಿನೈದು ನಿಮಿಷ ಹೇಳಿದೆ. ತರಗತಿ ಸುಮ್ಮನೆ ಕೇಳಿತು. ಕೊನೆಗೆ ಒಬ್ಬ ಹುಡುಗ ಎದ್ದು ನಿಂತು ಕೇಳಿದ: ‘ಗುರುತಿಲ್ದವ್ರ ಜೋಡಿ ಯಾರರ ಹೊಕ್ಕಾರೇನ್ರಿ? ನಮ್ಮೂರಾಗ ಎಲ್ಲಾರೂ ಗುರುತಿನವ್ರ ಜೋಡೀನ ಹೋಗ್ಯಾರ್ರಿ.’

ನನ್ನ ಬಳಿ ಉತ್ತರ ಇರಲಿಲ್ಲ. ಉತ್ತರದ ಬದಲಿಗೆ ಇನ್ನೂ ದೊಡ್ಡ ತಪ್ಪು ಮಾಡಿದೆ. ‘ಹಾಗಾದರೆ ನಿಮ್ಮಲ್ಲಿ ಯಾರ ಮನೆಯವರು ಹಾಗೆ ಹೋಗಿದ್ದಾರೆ, ಕೈ ಎತ್ತಿ’ ಎಂದೆ. ಹನ್ನೊಂದು ಕೈಗಳು ಮೇಲೆದ್ದವು. ಎರಡನೇ ಬೆಂಚಿನ ಒಬ್ಬ ಹುಡುಗಿ ಅರ್ಧ ಎತ್ತಿದ ಕೈಯನ್ನು ಪಕ್ಕದವಳ ಮುಖ ನೋಡಿ ಕೆಳಗಿಳಿಸಿದಳು. ಅದನ್ನು ನಾನು ನೋಡಿದೆ; ನೋಡಿದ್ದು ಅವಳಿಗೂ ಗೊತ್ತಾಯಿತು. ಮುಂದಿನ ಎರಡು ದಿನ ಅವಳು ಶಾಲೆಗೆ ಬರಲಿಲ್ಲ. ನನ್ನ ಪ್ರಶ್ನೆಗೂ ಅವಳ ಗೈರುಹಾಜರಿಗೂ ಸಂಬಂಧ ಇತ್ತೋ ಇಲ್ಲವೋ ಈಗಲೂ ಹೇಳಲಾರೆ, ಆದರೆ ಆ ಎರಡು ದಿನ ಹಾಜರಿ ಕರೆಯುವಾಗ ಅವಳ ಹೆಸರಿನ ಹತ್ತಿರ ನನ್ನ ದನಿ ಇಳಿಯುತ್ತಿತ್ತು.

ಅಂದು ಪಾಠ ವೀಕ್ಷಿಸಿದ ನಮ್ಮ ಮಾರ್ಗದರ್ಶಕ ಉಪನ್ಯಾಸಕರು ಪುಸ್ತಕದಲ್ಲಿ ಎರಡೇ ಸಾಲು ಬರೆದಿದ್ದರು: ‘ಹೆದರಿಕೆ ಕಲಿಸಿದ್ದೀರಿ. ಗುರುತಿಸುವುದನ್ನು ಕಲಿಸಿಲ್ಲ.’ ಧ್ವನಿ, ಬೋರ್ಡ್ ಬಳಕೆ, ಸಮಯಪಾಲನೆಗೆ ಒಳ್ಳೆಯ ಅಂಕಗಳೇ ಇದ್ದವು. ನಮ್ಮ ವೀಕ್ಷಣಾ ನಮೂನೆಯಲ್ಲಿ ‘ಹೇಳಿದ್ದು ನಿಜವೇ’ ಎಂಬುದಕ್ಕೆ ಒಂದು ಕಾಲಂ ಇರಬೇಕಿತ್ತು ಎಂದು ಅಂದು ಅನ್ನಿಸಿತು.

ಪದವೇ ದಾರಿ ತಪ್ಪಿಸುತ್ತದೆ

ಆ ವಾರಾಂತ್ಯ ಕಾನೂನನ್ನು ಓದಿದೆ. ಮೊದಲು ಓದಿ ಆಮೇಲೆ ಪಾಠ ಮಾಡಬೇಕಿತ್ತು ಎಂದು ನೀವು ಹೇಳಬಹುದು, ಸರಿ. ಓದಿದಾಗ ಮೊದಲು ಹೊಳೆದದ್ದು ‘ಕಳ್ಳಸಾಗಣೆ’ ಎಂಬ ಪದದ ತೊಂದರೆ. ಚಿನ್ನ, ಗಂಧದ ಕಟ್ಟಿಗೆಯ ಕಳ್ಳಸಾಗಣೆ ಕೇಳಿದ ಕಿವಿಗೆ ಈ ಪದ ರಾತ್ರಿ, ಲಾರಿ, ಗಡಿ, ಅಪರಿಚಿತ ಎಂಬ ಚಿತ್ರವನ್ನೇ ಕೊಡುತ್ತದೆ. ಕಾನೂನಿನಲ್ಲಿ ಅಂಥ ಚಿತ್ರವಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಂ (ಹಿಂದಿನ ದಂಡಸಂಹಿತೆಯಲ್ಲಿ 370) ಮೂರು ಸಂಗತಿ ನೋಡುತ್ತದೆ. ಏನು ಮಾಡಿದರು: ಕೆಲಸಕ್ಕೆ ಗೊತ್ತುಮಾಡಿದರೇ, ಸಾಗಿಸಿದರೇ, ಇನ್ನೊಬ್ಬರಿಗೆ ವಹಿಸಿದರೇ, ಇಟ್ಟುಕೊಂಡರೇ, ಬರಮಾಡಿಕೊಂಡರೇ. ಹೇಗೆ ಮಾಡಿದರು: ಬೆದರಿಕೆಯೇ, ಬಲವೇ, ಅಪಹರಣವೇ, ಮೋಸವೇ, ಅಧಿಕಾರದ ದುರುಪಯೋಗವೇ, ಹಣದ ಅಥವಾ ಬೇರೆ ಆಮಿಷವೇ. ಯಾತಕ್ಕೆ ಮಾಡಿದರು: ಶೋಷಣೆಗೆ. ಈ ಶೋಷಣೆ ಎಂಬುದರಲ್ಲಿ ಲೈಂಗಿಕ ಶೋಷಣೆ ಮಾತ್ರವಲ್ಲ, ಗುಲಾಮಗಿರಿ, ಜೀತದಂಥ ದುಡಿಮೆ, ಭಿಕ್ಷಾಟನೆ, ಅಂಗಾಂಗ ತೆಗೆಯುವುದೂ ಸೇರಿದೆ. ಗಡಿ ದಾಟಬೇಕೆಂದಿಲ್ಲ, ಜಿಲ್ಲೆ ದಾಟಬೇಕೆಂದೂ ಇಲ್ಲ. ‘ಅವರೇ ಒಪ್ಪಿ ಬಂದರು’ ಎಂಬ ಮಾತಿಗೆ ಅಪರಾಧವನ್ನು ನಿರ್ಧರಿಸುವಾಗ ಬೆಲೆ ಇಲ್ಲ ಎಂದು ಕಲಂನ ವಿವರಣೆಯೇ ಹೇಳುತ್ತದೆ. ವಿಶ್ವಸಂಸ್ಥೆ 2000ದಲ್ಲಿ ಅಂಗೀಕರಿಸಿದ, ಭಾರತ 2011ರಲ್ಲಿ ಒಪ್ಪಿದ ಒಡಂಬಡಿಕೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ: 18 ವರ್ಷದೊಳಗಿನವರ ವಿಷಯದಲ್ಲಿ ಎರಡನೇ ಪ್ರಶ್ನೆಯನ್ನು, ಅಂದರೆ ‘ಹೇಗೆ’ ಎಂಬುದನ್ನು, ಕೇಳುವ ಅಗತ್ಯವೇ ಇಲ್ಲ.

ಹಿಂದಿನ ಬೆಂಚಿನ ಹುಡುಗ ಹೇಳಿದ್ದು ಸರಿಯಾಗಿತ್ತು. ಕರೆದೊಯ್ಯುವವರು ಹೆಚ್ಚಾಗಿ ಗುರುತಿನವರೇ: ದೂರದ ಅತ್ತೆ, ಪಕ್ಕದ ಓಣಿಯವರು, ಹೋದ ವರ್ಷ ಅದೇ ಕೆಲಸಕ್ಕೆ ಹೋಗಿ ಬಂದವರು.

ಆದರೆ ಇನ್ನೊಂದು ತೊಡಕು ಇತ್ತು, ಅದು ಕಾನೂನು ಪುಸ್ತಕದಲ್ಲಿ ಇರಲಿಲ್ಲ. ಈ ಭಾಗದಲ್ಲಿ ಗುಳೆ ಹೋಗುವುದು ಬದುಕಿನ ಕ್ರಮ. ಮಳೆಗಾಲದ ಒಕ್ಕಲುತನ ಮುಗಿದು ದೀಪಾವಳಿ ಕಳೆಯುತ್ತಿದ್ದಂತೆ ಕುಟುಂಬಗಳು ಬೆಂಗಳೂರಿನ ಕಟ್ಟಡ ಕೆಲಸಕ್ಕೆ, ಇಟ್ಟಂಗಿ ಭಟ್ಟಿಗೆ, ಕಬ್ಬು ಕಟಾವಿಗೆ ಹೊರಡುತ್ತವೆ. ಮುಂಗಾರು ಬರುವ ಹೊತ್ತಿಗೆ ವಾಪಸ್ಸು. ಕೈ ಎತ್ತಿದ ಹನ್ನೊಂದು ಮಕ್ಕಳ ತಂದೆತಾಯಿ ಹೀಗೆ ದುಡಿದೇ ಮನೆ ನಡೆಸುವವರು. ಅವರ ಮುಂದೆ ನಿಂತು ‘ಮೇಸ್ತ್ರಿಯ ಜೊತೆ ಊರು ಬಿಟ್ಟು ಹೋಗುವುದು ಅಪಾಯ’ ಎಂದರೆ ಅವರ ಅಪ್ಪ ಅವ್ವನನ್ನು ಅವಮಾನಿಸಿದ ಹಾಗೆ. ಗುಳೆ ಕಳ್ಳಸಾಗಣೆಯಲ್ಲ. ಆದರೆ ಕಳ್ಳಸಾಗಣೆ ಗುಳೆಯ ಬಸ್ಸಿನಲ್ಲೇ ಕೂತು ಹೋಗುತ್ತದೆ. ಎರಡನ್ನೂ ಬೇರೆ ಮಾಡುವ ಪ್ರಶ್ನೆ ಯಾವುದು ಎಂಬುದೇ ಪಾಠದ ಕೇಂದ್ರ ಆಗಬೇಕು ಎಂದು ತಿಳಿಯಿತು. ಪ್ರಶ್ನೆ ಮಾತ್ರ ಸಿಗಲಿಲ್ಲ. ಅದನ್ನು ಮಕ್ಕಳೇ ಕೊಟ್ಟರು.

ಬೋರ್ಡಿನ ಮೇಲೆ 60,000 ರೂಪಾಯಿ

ಸೋಮವಾರ ಸರಳ ಬಡ್ಡಿಯ ಪಾಠ. ಸೂತ್ರ ಬರೆದು, ಪಠ್ಯದ ಮಾದರಿಯಲ್ಲಿ ಬ್ಯಾಂಕಿನ ಶೇಕಡಾ 8ರ ಲೆಕ್ಕ ಕೊಟ್ಟೆ. ಮಕ್ಕಳು ಮಾಡಿದರು. ನಿಮ್ಮದೇ ಒಂದು ಲೆಕ್ಕ ಹೇಳಿ ಎಂದಾಗ ಒಬ್ಬಳು, ‘ಮೇಸ್ತ್ರಿ ಮೂರು ರೂಪಾಯಿ ಬಡ್ಡಿ ಹಾಕ್ತಾನ್ರಿ, ಅದು ಶೇಕಡಾ ಮೂರಾ?’ ಎಂದಳು. ಒಳ್ಳೆಯ ಗಣಿತದ ಪ್ರಶ್ನೆ. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ, ಅಂದರೆ ವರ್ಷಕ್ಕೆ ಶೇಕಡಾ 36. ತರಗತಿಯಲ್ಲಿ ಸಣ್ಣ ಗದ್ದಲ. ‘ಬ್ಯಾಂಕ್ ಎಂಟು, ಮೇಸ್ತ್ರಿ ಮೂವತ್ತಾರು!’

ಅಲ್ಲಿಂದ ನಾನು ಪಾಠಯೋಜನೆಯನ್ನು ಮೇಜಿನ ಮೇಲೆ ಮಗುಚಿಟ್ಟೆ. ಯಾರ ಮನೆಯದೂ ಅಲ್ಲದ, ನಾವೇ ಕಲ್ಪಿಸಿಕೊಂಡ ಒಂದು ಗಂಡ ಹೆಂಡತಿಯ ಲೆಕ್ಕವನ್ನು ಬೋರ್ಡಿನ ಮೇಲೆ ಕಟ್ಟತೊಡಗಿದೆವು. ಅಂಕಿಗಳನ್ನು ಮಕ್ಕಳೇ ಚೌಕಾಸಿ ಮಾಡಿ ಗೊತ್ತುಮಾಡಿದರು. ಇವು ತರಗತಿಯ ಅಂಕಿಗಳು, ಸಮೀಕ್ಷೆಯವಲ್ಲ. ಮುಂಗಡ 60,000. ಸಾವಿರ ಇಟ್ಟಂಗಿಗೆ 700 ರೂಪಾಯಿ, ಇಬ್ಬರೂ ಸೇರಿ ದಿನಕ್ಕೆ ಸಾವಿರ. ವಾರಕ್ಕೆ ಆರು ದಿನ, 26 ವಾರ, ಒಟ್ಟು 156 ದಿನ. ದುಡಿಮೆ 1,09,200. ವಾರದ ಖರ್ಚಿಗೆಂದು 1,500ರಂತೆ ಕೊಟ್ಟದ್ದು 39,000. ಉಳಿದದ್ದು 70,200. ಮುಂಗಡ ಕಳೆದರೆ ಕೈಗೆ 10,200.

‘ಹತ್ತು ಸಾವಿರ ತಗೊಂಡು ಊರಿಗೆ ಬರ್ತಾರ’ ಎಂದು ಬರೆದು ಮುಗಿಸುವವಳಿದ್ದೆ. ಮಕ್ಕಳು ಬಿಡಲಿಲ್ಲ. ‘ಮಳಿ ಬಂದು ಹಸಿ ಇಟ್ಟಂಗಿ ಕರಗ್ತಾವಲ್ರಿ, ಅದನ್ನ ಲೆಕ್ಕಕ್ಕ ಹಿಡಿಯಂಗಿಲ್ಲ.’ ಸರಿ, ಇಪ್ಪತ್ತು ದಿನದ್ದು ಕಳೆಯಿರಿ: 14,000. ‘ಬಡ್ಡಿ ಬಿಟ್ರಿ ಮೇಡಂ.’ 60,000ಕ್ಕೆ ಆರು ತಿಂಗಳಿಗೆ 10,800. ‘ಕೂಸಿಗೆ ಆರಾಮ ಇಲ್ಲಂದ್ರ ದವಾಖಾನಿ ರೊಕ್ಕ?’ ಮೇಸ್ತ್ರಿಯಿಂದ 5,000. ಕೂಡಿ ಕಳೆದಾಗ ಬೋರ್ಡಿನ ಮೇಲೆ ಉಳಿದದ್ದು ಋಣ 19,600. ಋಣ ಸಂಖ್ಯೆಗಳನ್ನು ಉಷ್ಣಮಾಪಕದ ಚಿತ್ರ ಬರೆದು ಕಲಿಸುತ್ತೇವೆ. ಅದಕ್ಕಿಂತ ಇದು ಬೇಗ ಅರ್ಥವಾಯಿತು.

ಆಗ ನಾನು ಕೇಳಿದೆ: ‘ಈಗ ಇವರು ಊರಿಗೆ ಬರಬಹುದೇ?’ ಎರಡು ಪಂಗಡವಾಯಿತು. ಸಾಲ ಇದೆ, ಮುಂದಿನ ವರ್ಷ ತೀರಿಸುತ್ತೇವೆಂದು ಹೇಳಿ ಬರುತ್ತಾರೆ ಎಂದು ಕೆಲವರು. ತೀರುವ ತನಕ ಬಿಡುವುದಿಲ್ಲ, ಇಲ್ಲವೆ ಮಗನನ್ನು ಬಿಟ್ಟು ಹೋಗು ಎನ್ನುತ್ತಾರೆ ಎಂದು ಕೆಲವರು. ಒಬ್ಬ ಹುಡುಗ ಹೇಳಿದ: ‘ಬರಾಕ ಬಿಟ್ರ ಅದು ಕೆಲಸ್ರಿ. ಬಿಡ್ಲಿಲ್ಲಂದ್ರ ಬ್ಯಾರೆ.’

ನಾನು ಹುಡುಕುತ್ತಿದ್ದ ಪ್ರಶ್ನೆ ಇದೇ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಹೇಳುವುದೂ ಇದನ್ನೇ. ಮುಂಗಡ ಪಡೆದ ಕಾರಣಕ್ಕೆ ಕೆಲಸ ಬದಲಿಸುವ, ಊರು ತಿರುಗುವ, ತನ್ನ ದುಡಿಮೆಯನ್ನು ಪೇಟೆಯ ದರಕ್ಕೆ ಮಾರುವ ಸ್ವಾತಂತ್ರ್ಯ ಹೋದರೆ ಅದು ಜೀತ. ಆ ಸಾಲ ಕಾನೂನಿನ ಕಣ್ಣಿನಲ್ಲಿ ತೀರಿಹೋದಂತೆಯೇ. ತೀರಿಸುವ ಹೊಣೆ ಉಳಿಯುವುದಿಲ್ಲ. ಸಂವಿಧಾನದ 23ನೇ ವಿಧಿ ಮನುಷ್ಯರ ವ್ಯಾಪಾರವನ್ನೂ ಬಲವಂತದ ದುಡಿಮೆಯನ್ನೂ ಒಂದೇ ವಾಕ್ಯದಲ್ಲಿ ನಿಷೇಧಿಸುತ್ತದೆ. ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸಿಕೊಳ್ಳುವುದೂ ಬಲವಂತದ ದುಡಿಮೆಯೇ ಎಂದು ಸುಪ್ರೀಂ ಕೋರ್ಟ್ 1982ರಲ್ಲಿ, ಏಷ್ಯನ್ ಕ್ರೀಡಾಕೂಟದ ಕಟ್ಟಡ ಕಾರ್ಮಿಕರ ಪ್ರಕರಣದಲ್ಲಿ ಹೇಳಿತು. ಇದನ್ನೆಲ್ಲ ಅಂದು ಹೇಳಲಿಲ್ಲ, ಗಂಟೆ ಬಾರಿಸಿತು.

ಎರಡನೇ ಪಾಠ

ಮುಖ್ಯೋಪಾಧ್ಯಾಯಿನಿಯವರ ಅನುಮತಿ ಪಡೆದು ಗುರುವಾರ ಇನ್ನೊಂದು ಅವಧಿ ತೆಗೆದುಕೊಂಡೆ. ಈ ಸಲ ಭಿತ್ತಿಪತ್ರವಿಲ್ಲ, ಕೈ ಎತ್ತಿಸುವುದಿಲ್ಲ. ಐದು ಗುಂಪಿಗೆ ಐದು ಚೀಟಿ. ಪ್ರತಿ ಚೀಟಿಯಲ್ಲಿ ಒಂದು ಸಣ್ಣ ಸಂಗತಿ. ಮನೆ ಕಟ್ಟುವ ಕೆಲಸಕ್ಕೆ ಹೋದ ಅಣ್ಣ ವಾರಕ್ಕೊಮ್ಮೆ ಫೋನ್ ಮಾಡುತ್ತಾನೆ, ಪಂಚಮಿಗೆ ಬಂದು ಹೋದ. ಹೊರ ರಾಜ್ಯದ ವರ, ವರದಕ್ಷಿಣೆ ಬೇಡ, ಮದುವೆ ಖರ್ಚೂ ನಮ್ಮದೇ, ಹುಡುಗಿಯ ವಯಸ್ಸು ಎಷ್ಟಾದರೂ ನಡೆಯುತ್ತದೆ ಅನ್ನುತ್ತಾರೆ. ಊಟ, ಬಟ್ಟೆ, ಓದಿಸುವುದು ಎಲ್ಲ ನಮ್ಮದು ಎಂದು ಹೇಳಿ ಮನೆಗೆಲಸಕ್ಕೆ ಕರೆದ ಗುರುತಿನ ಹೆಂಗಸು, ವಿಳಾಸ ಕೇಳಿದರೆ ‘ಹೋದಮ್ಯಾಲ ಹೇಳ್ತೀನಿ’ ಅನ್ನುತ್ತಾಳೆ. ಹೀಗೆ. ‘ಇದು ಕಳ್ಳಸಾಗಣೆಯೇ?’ ಎಂದು ಕೇಳದೆ ಮೂರು ಪ್ರಶ್ನೆ ಕೊಟ್ಟೆ: ಎಲ್ಲಿಗೆ, ಯಾರ ಹತ್ತಿರ ಎಂದು ಮನೆಯವರಿಗೆ ಬರೆದುಕೊಟ್ಟಿದ್ದಾರೆಯೇ? ದುಡಿದ ಹಣ ದುಡಿದವರ ಕೈಗೆ ಬರುತ್ತದೆಯೇ? ಬೇಡವೆನಿಸಿದರೆ ನಾಳೆಯೇ ಬಸ್ ಹತ್ತಬಹುದೇ?

ಗುಂಪುಗಳು ಜಗಳವಾಡಿದವು, ಅದೇ ನನಗೆ ಬೇಕಿತ್ತು. ಮದುವೆಯ ಚೀಟಿ ಪಡೆದ ಗುಂಪಿನ ಹುಡುಗಿಯರು ಮೊದಲು ‘ಒಳ್ಳೆ ಮಂದಿರೀ, ವರದಕ್ಷಿಣೆ ಬ್ಯಾಡಂದ್ರು’ ಎಂದರು. ಮೂರನೇ ಪ್ರಶ್ನೆಗೆ ಬಂದಾಗ ಒಬ್ಬಳು, ‘ಭಾಷೆನೂ ಬರಂಗಿಲ್ಲ, ಬಸ್ ಎಲ್ಲಿ ಹತ್ತಬೇಕಂತ ಯಾರಿಗೆ ಕೇಳ್ತಾಳ’ ಎಂದಳು. ನಾನು ಸೇರಿಸಿದ್ದು ಇಷ್ಟು: 18ರೊಳಗಿನ ಹುಡುಗಿಯ ಮದುವೆ ಅಪರಾಧ, ಮತ್ತು ಕರ್ನಾಟಕದ ತಿದ್ದುಪಡಿಯ ಪ್ರಕಾರ ಅಂಥ ಮದುವೆ ಮೊದಲಿನಿಂದಲೇ ಅಸಿಂಧು. 14ರೊಳಗಿನ ಮಗುವನ್ನು ಮನೆಗೆಲಸವೂ ಸೇರಿ ಯಾವುದೇ ಕೆಲಸಕ್ಕೆ ಇಟ್ಟುಕೊಳ್ಳುವುದನ್ನು 2016ರ ತಿದ್ದುಪಡಿ ನಿಷೇಧಿಸಿದೆ. ತನ್ನದೇ ಕುಟುಂಬದ ಕೆಲಸದಲ್ಲಿ ಶಾಲೆಯ ನಂತರ ಕೈಜೋಡಿಸುವುದಕ್ಕೆ ವಿನಾಯಿತಿ ಇದೆ. ಮಕ್ಕಳ ಸಹಾಯವಾಣಿ 1098, ಹಣ ಬೇಕಿಲ್ಲ, ಹಗಲು ರಾತ್ರಿ ಇರುತ್ತದೆ, ತುರ್ತಿಗೆ 112. ಸಂಖ್ಯೆಯನ್ನು ಬರೆದುಕೊಳ್ಳಿ ಎನ್ನಲಿಲ್ಲ. ಹತ್ತು ಒಂಬತ್ತು ಎಂಟು ಎಂದು ಇಳಿಕೆ ಕ್ರಮದಲ್ಲಿ ಹೇಳಿಸಿದೆ, ನೆನಪು ಉಳಿಯಿತು.

ಕೊನೆಗೆ ಪ್ರಶ್ನೆ ಡಬ್ಬಿ. ಎಲ್ಲರೂ ಒಂದು ಚೀಟಿ ಹಾಕಲೇಬೇಕು, ಕೇಳಲು ಏನೂ ಇಲ್ಲದವರು ಇಷ್ಟದ ಹಣ್ಣಿನ ಹೆಸರು ಬರೆಯಬೇಕು. ಯಾರು ಬರೆದರು, ಯಾರು ಬರೆಯಲಿಲ್ಲ ಎಂದು ನೋಡುವವರಿಗೆ ತಿಳಿಯಬಾರದು ಎಂಬುದಕ್ಕೆ ಈ ವ್ಯವಸ್ಥೆ. ಮೊದಲ ಪಾಠದ ಅರ್ಧ ಎತ್ತಿದ ಕೈ ಕಲಿಸಿದ್ದು ಅದು. 29 ಹಣ್ಣು, ಏಳು ಪ್ರಶ್ನೆ ಬಂದವು. ಒಂದು ಚೀಟಿಯಲ್ಲಿ ಹೀಗಿತ್ತು: ‘ಗುರುತಿನ ಅತ್ತಿ ಕರಕೊಂಡು ಹೋದರೂ ಅದು ತಪ್ಪಾ. ಓದಸ್ತೀನಿ ಅಂದಾಳ.’

ಹೆಸರಿರಲಿಲ್ಲ. ಆದರೆ ನಾನು ಅವರ ನೋಟ್‌ಬುಕ್ ತಿದ್ದುವವಳು. ‘ತ’ ಅಕ್ಷರದ ಬಾಲ ಯಾರದೆಂದು ಗೊತ್ತಿತ್ತು. ಎರಡನೇ ಬೆಂಚು.

ಚೀಟಿ ಸಿಕ್ಕ ಮೇಲೆ

ಇಲ್ಲಿ ಪ್ರಶಿಕ್ಷಣಾರ್ಥಿಗಳು ಸ್ವಲ್ಪ ನಿಧಾನಕ್ಕೆ ಓದಬೇಕೆಂದು ಕೋರುತ್ತೇನೆ, ಏಕೆಂದರೆ ನನಗೆ ಆಗ ಏನು ಮಾಡಬೇಕೆಂದು ಗೊತ್ತಿರಲಿಲ್ಲ. ಅವಳನ್ನು ಕರೆದು ಕೇಳಿಬಿಡೋಣ ಎಂಬುದು ಮೊದಲ ಯೋಚನೆ. ‘ಯಾರಿಗೂ ಹೇಳುವುದಿಲ್ಲ, ನನಗೆ ಹೇಳು’ ಎನ್ನಬೇಕೆಂದಿದ್ದೆ. ಅದೃಷ್ಟಕ್ಕೆ ಮೊದಲು ಮುಖ್ಯೋಪಾಧ್ಯಾಯಿನಿಯವರ ಕೊಠಡಿಗೆ ಹೋದೆ. ಅವರು ಚೀಟಿ ಓದಿ ಕನ್ನಡಕ ತೆಗೆದಿಟ್ಟರು. ‘ನೋಡಮ್ಮ, ಯಾರಿಗೂ ಹೇಳಂಗಿಲ್ಲ ಅಂತ ಮಾತು ಕೊಟ್ರ ಆಮ್ಯಾಲ ಆ ಮಾತು ಮುರೀಬೇಕಾಗ್ತದ. ಕೊಡಬ್ಯಾಡ’ ಎಂದರು. ಬಳಿಕ ಹಾಜರಿ ಪುಸ್ತಕ ತರಿಸಿದರು.

ಅವರು ಅದನ್ನು ಓದಿದ ರೀತಿ ನನಗೆ ಇಡೀ ಇಂಟರ್ನ್‌ಶಿಪ್‌ನ ದೊಡ್ಡ ಪಾಠ. ಜೂನ್, ಜುಲೈನಲ್ಲಿ ಒಂದೂ ಗೈರು ಇಲ್ಲದ ಹುಡುಗಿ, ಆಗಸ್ಟ್‌ನಲ್ಲಿ ಐದು ದಿನ, ಎಲ್ಲವೂ ಸಂತೆಯ ದಿನಕ್ಕೆ ಹೊಂದಿಕೊಂಡು. ಹಿಂದಿನ ವಾರ ತಾಯಿ ಬಂದು ವರ್ಗಾವಣೆ ಪತ್ರ ಸಿಗುತ್ತದೆಯೇ ಎಂದು ಗುಮಾಸ್ತರನ್ನು ಕೇಳಿದ್ದಳು. ಯಾವ ಶಾಲೆಗೆ ಎಂದಾಗ ‘ಬೆಂಗಳೂರಾಗ’ ಎಂದಿದ್ದಳು, ಶಾಲೆಯ ಹೆಸರು ಇರಲಿಲ್ಲ. ಇದಕ್ಕೆ ನಾನು ಸೇರಿಸಿದೆ: ಎರಡು ವಾರದಿಂದ ಮನೆಗೆಲಸ ಬರೆದಿಲ್ಲ, ಕೇಳಿದರೆ ‘ಇನ್ನ ಯಾಕ್ರಿ’ ಎಂದಿದ್ದಳು. ಆಗ ಅದನ್ನು ಸೋಮಾರಿತನ ಎಂದು ದಾಖಲಿಸಿದ್ದೆ. ಇದ್ದಕ್ಕಿದ್ದಂತೆ ಬಂದ ಹೊಸ ಬಟ್ಟೆಯ ಜೊತೆ, ತನ್ನ ಆಧಾರ್ ಪ್ರತಿ ‘ಅತ್ತಿ ಹತ್ರ ಐತಿ’ ಎಂದು ಗೆಳತಿಗೆ ಹೇಳಿದ್ದೂ ಆಮೇಲೆ ತಿಳಿಯಿತು.

ಇವುಗಳಲ್ಲಿ ಯಾವುದೊಂದೂ ತಾನೇ ಏನನ್ನೂ ಸಾಬೀತು ಮಾಡುವುದಿಲ್ಲ. ಬಡತನವೂ ಇದೇ ವೇಷ ಹಾಕುತ್ತದೆ. ಸಂತೆಯ ದಿನ ತಮ್ಮನನ್ನು ನೋಡಿಕೊಳ್ಳಲು ಉಳಿಯುವ ಹುಡುಗಿಯರು ಎಷ್ಟಿಲ್ಲ? ಆದರೆ ನಡುವರ್ಷದಲ್ಲಿ ವರ್ಗಾವಣೆ ಪತ್ರ, ಹೆಸರಿಲ್ಲದ ಶಾಲೆ, ಬೇರೆಯವರ ಕೈ ಸೇರಿದ ಗುರುತಿನ ಚೀಟಿ, ಓದು ಮುಗಿದೇಹೋಯಿತು ಎಂಬ ಮಾತು, ಇವು ಒಂದೇ ಮಗುವಿನ ಸುತ್ತ ಕೂಡಿಬಂದಾಗ ಕಾಯುತ್ತ ಕೂರುವಂತಿಲ್ಲ. ಹೋಗಿ ಮರಳಿ ಬಂದ ಮಕ್ಕಳಲ್ಲಿ ಕಾಣುವ ಸುಳಿವುಗಳು ಬೇರೆ: ಎಲ್ಲಿದ್ದೆ ಎಂದರೆ ಊರಿನ ಹೆಸರಷ್ಟೇ ಗೊತ್ತು, ಓಣಿ ಗೊತ್ತಿಲ್ಲ, ಪ್ರಶ್ನೆ ಮಗುವಿಗೆ, ಉತ್ತರ ಜೊತೆ ಬಂದವರದು, ಸಂಬಳ ಎಷ್ಟೆಂದು ಅವಳಿಗೆ ತಿಳಿಯದು, ವಯಸ್ಸು ಕೇಳಿದರೆ ಬಾಯಿಪಾಠದ ಹಾಗೆ ಹದಿನೆಂಟು, ಕೈಯಲ್ಲಿ ವಾಸಿಯಾಗದ ಸುಟ್ಟ ಗಾಯ. ಇದನ್ನು ಮುಖ್ಯೋಪಾಧ್ಯಾಯಿನಿಯವರು ತಮ್ಮ ಇಪ್ಪತ್ತೆರಡು ವರ್ಷದ ಸೇವೆಯಿಂದ ಹೇಳಿದರು.

ಅವರು ಆ ಹೆಂಗಸನ್ನು ಹುಡುಕಿ ಜಗಳಕ್ಕೆ ಹೋಗಲಿಲ್ಲ. ಹಾಗೆ ಮಾಡಿದರೆ ಅಂದು ರಾತ್ರಿಯೇ ಹುಡುಗಿಯನ್ನು ಬಸ್ ಹತ್ತಿಸಿಬಿಡುತ್ತಾರೆ ಎಂದರು. ಶಿಕ್ಷಕರ ವಾಟ್ಸ್‌ಆ್ಯಪ್ ಗುಂಪಿಗೂ ಹಾಕಲಿಲ್ಲ. ನನ್ನ ಎದುರಿಗೇ 1098ಕ್ಕೆ ಕರೆ ಮಾಡಿ, ಗೊತ್ತಿರುವುದು ಇಷ್ಟು, ಊಹೆ ಇಷ್ಟು ಎಂದು ಬೇರೆ ಬೇರೆಯಾಗಿ ಹೇಳಿದರು, ದಿನಾಂಕ ಸಮಯ ಬರೆದಿಟ್ಟರು. ಮರುದಿನ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಿಂದ ಒಬ್ಬರು ಸಾಮಾನ್ಯ ಉಡುಪಿನಲ್ಲಿ, ಶಾಲೆಯ ತಪಾಸಣೆಗೆ ಬಂದವರಂತೆ ಬಂದರು. ಮಗು ಕಾಣೆಯಾದ ಮೇಲೆ ಪೊಲೀಸರು ಎಫ್‌ಐಆರ್ ದಾಖಲಿಸಲೇಬೇಕು, ಕಳ್ಳಸಾಗಣೆ ಅಥವಾ ಅಪಹರಣ ಎಂದೇ ಮೊದಲು ಭಾವಿಸಬೇಕು ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಆದೇಶಿಸಿದೆ. ಆದರೆ ಶಾಲೆಯ ಕೈಯಲ್ಲಿರುವುದು ಅದಕ್ಕೂ ಮೊದಲಿನ ದಿನಗಳು.

ಶನಿವಾರ ತಾಯಿ ಬಂದಳು. ಮುಖ್ಯೋಪಾಧ್ಯಾಯಿನಿಯವರು ನನ್ನನ್ನೂ ಕೂರಿಸಿಕೊಂಡರು. ಪ್ರಶ್ನೆ ಕೇಳುವ ಮೊದಲು ಚಹಾ ತರಿಸಿದರು. ತಾಯಿ ಮೋಸಗಾತಿಯಂತೆ ಇರಲಿಲ್ಲ, ನಾನು ಯಾಕೋ ಹಾಗೆ ಕಲ್ಪಿಸಿಕೊಂಡಿದ್ದೆ. ಗಂಡ ಬಿದ್ದು ಸೊಂಟ ಮುರಿದುಕೊಂಡಿದ್ದ. ಓಣಿಯ ಹೆಂಗಸು ಬೆಂಗಳೂರಿನಲ್ಲಿ ಕೂಸು ಆಡಿಸುವ ಕೆಲಸ ಎಂದಿದ್ದಳು, ತಿಂಗಳಿಗೆ 8,000, ಅಲ್ಲೇ ಶಾಲೆ. ಯಾರ ಮನೆ ಎಂದು ಕೇಳಿದೆವು. ಗೊತ್ತಿಲ್ಲ. ಫೋನ್ ನಂಬರ್? ಆ ಹೆಂಗಸಿನದೇ. ಎಂಟು ಸಾವಿರ ಯಾರ ಕೈಗೆ ಬರುತ್ತದೆ? ತಾಯಿ ಸುಮ್ಮನಾದಳು. ಆಮೇಲೆ ಹೇಳಿದಳು: 10,000 ಆಗಲೇ ಬಂದಿತ್ತು, ದವಾಖಾನೆಗೆ ಖರ್ಚಾಗಿತ್ತು.

ಬೋರ್ಡಿನ ಮೇಲಿನ ಲೆಕ್ಕ ಮೇಜಿನ ಈಚೆ ಕೂತು ಅಳುತ್ತಿತ್ತು. ಹದಿಮೂರು ವರ್ಷದ ಹುಡುಗಿಯ ಹೆಸರಿನಲ್ಲಿ ಮುಂಗಡ.

ಮಕ್ಕಳ ರಕ್ಷಣಾ ಘಟಕದವರು ಶಾಂತವಾಗಿ ವಿವರಿಸಿದರು: ಮಗುವನ್ನು ಕಳಿಸಬೇಕಾಗಿಲ್ಲ, ಇಂಥ ಸಾಲಕ್ಕೆ ಮಗುವನ್ನು ದುಡಿಸುವ ಹಕ್ಕು ಯಾರಿಗೂ ಇಲ್ಲ, ಬೆದರಿಸಿದರೆ ದೂರು ಕೊಡಿ. ವಿಷಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹೋಯಿತು. ಹುಡುಗಿಗೆ ಹತ್ತಿರದ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯದ ವಸತಿಗೆ ಅರ್ಜಿ ಹಾಕಿದರು. ಆ ಹೆಂಗಸು ಕೆಲವು ದಿನ ಊರಲ್ಲಿ ಕಾಣಲಿಲ್ಲ ಎಂದು ಕೇಳಿದೆ. ಅವಳ ಮೇಲೆ ಏನು ಕ್ರಮ ಎಂಬುದು ಪೊಲೀಸರ ಕೆಲಸ, ನನ್ನ ಅವಧಿಯಲ್ಲಿ ಅದು ಮುಗಿದಿರಲಿಲ್ಲ. ತಾಯಿ ಹೊರಡುವಾಗ ಬಾಗಿಲಲ್ಲಿ ನಿಂತು ನನ್ನನ್ನು ಕೇಳಿದಳು: ‘ಯವ್ವಾ, ಕಾನೂನು ಹೇಳಿದ್ರಿ, ಖರೆ ಐತಿ. ಓಣ್ಯಾಗ ನಾಳಿ ನಾನ ಇರಬೇಕಲ್ಲ. ಹತ್ತು ಸಾವಿರ ಕೇಳಾಕ ಬಂದ್ರ ಏನ್ ಹೇಳ್ಲಿ?’ ಕಾನೂನಿನ ಉತ್ತರ ನನಗೆ ಗೊತ್ತಿತ್ತು. ಅವಳು ಕೇಳಿದ್ದು ಆ ಉತ್ತರವಲ್ಲ. ಮುಖ್ಯೋಪಾಧ್ಯಾಯಿನಿಯವರು ‘ನನ್ನ ಹತ್ರ ಕಳಸು’ ಎಂದರು. ಬಂದರೋ ಇಲ್ಲವೋ ತಿಳಿಯದು.

ಪಾಠಯೋಜನೆಯ ಬಗ್ಗೆ ಕೆಲವು ಮಾತು

ಮೌಲ್ಯಮಾಪನದ ಕಾಲಂನಲ್ಲಿ ಏನು ಬರೆಯಬೇಕೆಂದು ಬಹಳ ಹೊತ್ತು ಕೂತೆ. ವಾರದ ನಂತರ ಮಕ್ಕಳಿಗೆ ಹೊಸದೊಂದು ಸಂಗತಿ ಕೊಟ್ಟು ಮೂರು ಪ್ರಶ್ನೆ ಹಚ್ಚಿಸಿದಾಗ, ಹಾಜರಿದ್ದ 34ರಲ್ಲಿ 27 ಮಂದಿ ಮೂರಕ್ಕೂ ಕಾರಣ ಸಹಿತ ಬರೆದರು. ನಾಲ್ವರು ಎಲ್ಲ ಗುಳೆಯನ್ನೂ ‘ಕಳ್ಳಸಾಗಣೆ’ ಎಂದು ಬರೆದಿದ್ದರು. ಅದನ್ನು ನಾನು ನನ್ನ ಪಾಠದ ದೋಷವೆಂದೇ ಎಣಿಸುತ್ತೇನೆ. ಮೊದಲ ಚೀಟಿಯಂಥ ಒಳ್ಳೆಯ ಉದಾಹರಣೆಗಳು ಐದರಲ್ಲಿ ಒಂದೇ ಇದ್ದದ್ದು ಕಡಿಮೆಯಾಯಿತು. ಕನಿಷ್ಠ ಎರಡು ಇರಲಿ.

ಈ ಪಾಠ ಮಾಡಬಯಸುವವರು ತರಗತಿಗೆ ಕಾಲಿಡುವ ಮೊದಲು ಮುಖ್ಯ ಶಿಕ್ಷಕರನ್ನು ಒಂದು ಪ್ರಶ್ನೆ ಕೇಳಿಕೊಳ್ಳಿ: ‘ಡಬ್ಬಿಯಲ್ಲಿ ನಿಜವಾದ ಚೀಟಿ ಬಂದರೆ ಯಾರು, ಎಲ್ಲಿಗೆ, ಎಷ್ಟು ಹೊತ್ತಿನಲ್ಲಿ ಕರೆ ಮಾಡುತ್ತಾರೆ?’ ಅದಕ್ಕೆ ಸ್ಪಷ್ಟ ಉತ್ತರ ಸಿಗದಿದ್ದರೆ ಡಬ್ಬಿ ಇಡಬೇಡಿ. ನನಗೆ ಒಳ್ಳೆಯ ಮುಖ್ಯೋಪಾಧ್ಯಾಯಿನಿ ಸಿಕ್ಕರು, ಅದು ನನ್ನ ಯೋಜನೆಯಲ್ಲಿ ಇರಲಿಲ್ಲ.

ನನ್ನ ಸಹಪಾಠಿಯೊಬ್ಬಳು ಇದೇ ಯೋಜನೆಯನ್ನು ಕಲಬುರಗಿ ನಗರದ ಶಾಲೆಯಲ್ಲಿ ಮಾಡಿದಳು. ಅಲ್ಲಿ ಮುಂಗಡದ ಲೆಕ್ಕ ಯಾರಿಗೂ ತಾಗಲಿಲ್ಲವಂತೆ. ಡಬ್ಬಿಯಲ್ಲಿ ಬಂದದ್ದೆಲ್ಲ ಇನ್‌ಸ್ಟಾಗ್ರಾಂನಲ್ಲಿ ಬರುವ ಮಾಡೆಲಿಂಗ್ ಮತ್ತು ವಿದೇಶಿ ಕೆಲಸದ ಜಾಹೀರಾತುಗಳ ಪ್ರಶ್ನೆಗಳು. ಮೂರು ಪ್ರಶ್ನೆಗಳು ಅಲ್ಲಿಯೂ ಕೆಲಸ ಮಾಡಿದವು, ಸಂಗತಿಗಳನ್ನು ಮಾತ್ರ ಪೂರ್ತಿ ಬದಲಿಸಬೇಕಾಯಿತು. ಅದನ್ನು ಅವಳೇ ಮುಂದಿನ ಸಂಚಿಕೆಗೆ ಬರೆಯುತ್ತಾಳೆ.

ನಾನು ಶಾಲೆ ಬಿಡುವ ದಿನ ಚಕ್ರಬಡ್ಡಿಯ ಕಿರುಪರೀಕ್ಷೆ ಇತ್ತು. ಎರಡನೇ ಬೆಂಚಿನ ಹುಡುಗಿ ಹತ್ತಕ್ಕೆ ಆರು ತೆಗೆದಿದ್ದಳು. ನಾಲ್ಕನೇ ಲೆಕ್ಕದಲ್ಲಿ ವಾರ್ಷಿಕ ದರವನ್ನು ಅರ್ಧವಾರ್ಷಿಕಕ್ಕೆ ಬದಲಿಸಿರಲಿಲ್ಲ. ಯಾಕೆ ತಪ್ಪಾಯಿತು ಎಂದು ಪೇಪರ್ ಹಿಡಿದುಕೊಂಡು ಬಂದಳು, ಇಬ್ಬರೂ ಕಟ್ಟೆಯ ಮೇಲೆ ಕೂತು ಮತ್ತೆ ಮಾಡಿದೆವು. ವಸತಿ ಶಾಲೆಯಿಂದ ಇನ್ನೂ ಉತ್ತರ ಬಂದಿರಲಿಲ್ಲ.